ನೀರಿನ ಕಡೆ, ಕಾಯಿಲೆ ಕಡೆ

ಜೂನ್ 8

ನೀರಪ್ಪನವರಿಗೆ ಗುಬ್ಬಿ ಬರೆಯುವುದು.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿರಬೇಕು ಅಂದುಕೊಂಡೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು ಅಂತ ನಿಮಗೆ ಗೊತ್ತು. ತಪ್ಪಿದ್ದರೆ ನಗಬೇಡಿ. ನಗುವುದಾದರೆ ಒಬ್ಬರೇ ಇರುವಾಗ ನಗಿ. ಹೊಸ ಕಟ್ಟಡದವರಿಗೆ ಓದಿ ತೋರಿಸಬೇಡಿ.

ಲಾರಿ ಬಂದ ದಿನ ನಾನು ಹಿತ್ತಲಿನ ನಲ್ಲಿಯ ಹತ್ತಿರ ಬಾಟಲಿ ತೊಳೆಯುತ್ತಿದ್ದೆ. ಇವತ್ತು ಸಾಮಾನು ಹೋಗುತ್ತದೆ, ಜನ ನಾಳೆ ಹೋಗುತ್ತಾರೆ ಅಂತ ಗುಮಾಸ್ತರು ಹೇಳಿದ್ದರು. ನಿಮಗೆ ಹೇಳಬೇಕಾದ್ದನ್ನು ನಾಳೆಗೆ ಇಟ್ಟುಕೊಂಡಿದ್ದೆ. ಕೈ ಒರೆಸಿಕೊಂಡು ಒಳಗೆ ಬಂದರೆ ನಿಮ್ಮ ಮೇಜೂ ಇಲ್ಲ, ನೀವೂ ಇಲ್ಲ.

ಈಗ ನಮ್ಮ ಕೋಣೆ ಅರ್ಧ ಖಾಲಿ. ಕಾಯಿಲೆ ಕಡೆ ಇದ್ದ ಹಾಗೇ ಇದೆ. ನೀರಿನ ಕಡೆ ನೆಲದ ಮೇಲೆ ನಿಮ್ಮ ಮೇಜಿನ ಕಾಲುಗಳ ಗುರುತು ಮಾತ್ರ ಉಳಿದಿದೆ. ಗುಡಿಸುವಾಗ ನಾನು ಆ ಗುರುತನ್ನು ಸುತ್ತುಹಾಕಿಕೊಂಡೇ ಗುಡಿಸುತ್ತೇನೆ, ಮೇಜು ಇನ್ನೂ ಅಲ್ಲೇ ಇದೆ ಅನ್ನುವ ಹಾಗೆ. ರೋಗಿಗಳ ರಕ್ತ ಪರೀಕ್ಷೆ ಮಾಡುವ ಅಣ್ಣ ಈ ಕಡೆಯಿಂದ ಏನಾದರೂ ಜೋಕು ಹೇಳಿ ಆ ಕಡೆ ನೋಡುತ್ತಾರೆ. ನಗುವವರು ಇಲ್ಲ ಅಂತ ಆಮೇಲೆ ನೆನಪಾಗುತ್ತದೆ.

ಗುಮಾಸ್ತರು ಆದೇಶ ಓದಿದ ದಿನ ನಿಮಗೆ ನೆನಪಿದೆಯಾ? ಚಹಾ ಹೊತ್ತಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಓದಿದರು. ಇನ್ನು ಮೇಲೆ ಆರೋಗ್ಯ ಇಲಾಖೆ ಬೇರೆ, ಪರಿಸರ ಇಲಾಖೆ ಬೇರೆ. ಕಾಯಿಲೆ ನೋಡುವವರು ಇಲ್ಲೇ, ನೀರು ನೋಡುವವರು ದೊಡ್ಡ ಊರಿನ ಹೊಸ ಕಟ್ಟಡಕ್ಕೆ. ಮೇಜು, ಕುರ್ಚಿ, ಬೀರು, ಗಡಿಯಾರ ಎಲ್ಲದರ ಹಂಚಿಕೆ ಅದರಲ್ಲಿ ಬರೆದಿತ್ತು. ಆಗ ಜೀಪಿನ ಡ್ರೈವರಣ್ಣ, "ಸಾರ್, ನಮ್ಮ ಬೆಕ್ಕು ಯಾವ ಇಲಾಖೆಗೆ?" ಅಂತ ಕೇಳಿದರು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಇಲಿ ಹಿಡಿದ್ರೆ ಆರೋಗ್ಯಕ್ಕೆ, ಮೀನು ತಿಂದ್ರೆ ಪರಿಸರಕ್ಕೆ" ಅಂದರು. ನೀವು ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿರಿ. ಬೆಕ್ಕು ಇಲ್ಲೇ ಇದೆ. ಎರಡೂ ಕೆಲಸ ಮಾಡುತ್ತಿಲ್ಲ.

ಒಂದು ವಿಷಯ ಕೇಳಬೇಕು. ಹೊಟ್ಟೆ ಕೆಟ್ಟು ಯಾರಾದರೂ ಕಾಯಿಲೆ ಕಡೆಗೆ ಬಂದರೆ, ಯಾವ ಬೀದಿಯವರು ಅಂತ ಕೇಳಿ, ಆ ಬೀದಿಯ ಚೀಟಿ ಅಂಟಿಸಿದ ಖಾಲಿ ಬಾಟಲಿಯನ್ನು ಕಿಟಕಿಯ ಕಟ್ಟೆ ಮೇಲೆ ಇಡುವುದು ನನ್ನ ಕೆಲಸ ಆಗಿತ್ತಲ್ಲ. ಬೆಳಿಗ್ಗೆ ಸೈಕಲ್ ಹತ್ತುವ ಮೊದಲು ನೀವು ಕಿಟಕಿ ನೋಡುತ್ತಿದ್ದಿರಿ. ಬಾಟಲಿ ತೆಗೆದುಕೊಂಡು ಆ ಬೀದಿಗೆ ಹೋಗಿ ನೀರು ತಂದು ಪರೀಕ್ಷೆ ಮಾಡುತ್ತಿದ್ದಿರಿ. ಇದನ್ನು ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ. ಆದೇಶದಲ್ಲಿ ಬೀರು ಇತ್ತು, ಗಡಿಯಾರ ಇತ್ತು. ಕಿಟಕಿ ಇರಲಿಲ್ಲ. ನಾನು ಈಗಲೂ ಬಾಟಲಿ ಇಡುತ್ತಿದ್ದೇನೆ. ಯಾರೂ ತೆಗೆಯುತ್ತಿಲ್ಲ. ಏನು ಮಾಡಲಿ?

ನೀಲಿ ಅಂಚಿನ ಬೋಗುಣಿಯೂ ಕಾಣುತ್ತಿಲ್ಲ, ನಿಮ್ಮ ನೀರಿನ ಬಾಟಲಿ ತೊಳೆಯುತ್ತಿದ್ದದ್ದು. ಲಾರಿಯವರು ತಪ್ಪಿ ಹಾಕಿಕೊಂಡರೋ ಏನೋ. ಸದ್ಯಕ್ಕೆ ಕಾಯಿಲೆ ಕಡೆಯ ಬೋಗುಣಿಯಲ್ಲೇ ಎಲ್ಲ ಸುಧಾರಿಸುತ್ತಿದ್ದೇನೆ.

— ಗುಬ್ಬಿ


ಜೂನ್ 19

ಗುಬ್ಬಿ,

ನಿನ್ನ ಕಾಗದ ಬಂತು. ನಗಲಿಲ್ಲ. ಬಾಟಲಿಗೆ ಕೇಳಿಸುವಷ್ಟೇ ಮಾತಾಡುತ್ತಿದ್ದ ಹುಡುಗಿ ಇಷ್ಟುದ್ದ ಬರೆದಿದ್ದಾಳಲ್ಲ ಅಂತ ಎರಡು ಸಲ ಓದಿದೆ.

ಇಲ್ಲಿಯ ವೈಭವ ಕೇಳು. ಗಾಜಿನ ಬಾಗಿಲು, ಲಿಫ್ಟು, ಲಿಫ್ಟಿನಲ್ಲಿ ಕನ್ನಡಿ. ನಮ್ಮ ಮಹಡಿ ಬರುವಷ್ಟರಲ್ಲಿ ನನ್ನ ಮುಖ ನನಗೇ ಬೇಜಾರಾಗುತ್ತದೆ. ಕಿಟಕಿಗಳು ಗೋಡೆಯಷ್ಟು ದೊಡ್ಡವು, ಒಂದನ್ನೂ ತೆಗೆಯಲು ಬರುವುದಿಲ್ಲ. ಪರಿಸರ ಕಾಪಾಡುವ ಕಟ್ಟಡದೊಳಗೆ ಗಾಳಿಗೇ ಪ್ರವೇಶ ಇಲ್ಲ. ಇಲ್ಲಿ ಯಾರೂ ನನ್ನನ್ನು ನೀರಪ್ಪ ಅನ್ನುವುದಿಲ್ಲ, ಹೆಸರು ಹಿಡಿದು ಕರೆಯುತ್ತಾರೆ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ನಾನು ಸುಮ್ಮನೆ ಕೂತಿರುತ್ತೇನೆ. ಕಿವಿ ಕೇಳಿಸುವುದಿಲ್ಲ ಅಂತ ಆಗಲೇ ಸುದ್ದಿಯಾಗಿದೆ.

ಕೆಲಸ ಚೆನ್ನಾಗಿದೆ. ಯಂತ್ರಗಳು ನೋಡುವ ಹಾಗಿವೆ.

ಹೇಳದೆ ಬಂದದ್ದಕ್ಕೆ ಬೈದಿಲ್ಲ ನೀನು, ಅದೇ ಬೈದ ಹಾಗಾಯಿತು. ಕೈ ಬೀಸಿ ಹೊರಡುವುದು ನನ್ನಿಂದ ಆಗದ ಕೆಲಸ. ಲಾರಿಯ ಡ್ರೈವರ್ ಪಕ್ಕ ಜಾಗ ಇತ್ತು, ಹತ್ತಿ ಕೂತುಬಿಟ್ಟೆ. ಊರು ದಾಟುವ ತನಕ ಸೈಕಲ್ಲಿನ ಬೀಗದ ಕೈ ಜೇಬಿನಲ್ಲೇ ಹಿಡಿದುಕೊಂಡಿದ್ದೆ.

ಬೋಗುಣಿಯ ಕಳ್ಳ ನಾನೇ. ಯಾರೂ ನೋಡದಾಗ ಲಾರಿಗೆ ಹಾಕಿಸಿದೆ. ನೀನು ಸೇರಿದ ಹೊಸದರಲ್ಲಿ ಕೈಜಾರಿ ಬೀಳಿಸಿದಾಗ ಅಂಚಿನಲ್ಲಿ ಬಣ್ಣ ಹಾರಿತ್ತಲ್ಲ, ಅಳುತ್ತ ನಿಂತಿದ್ದೆಯಲ್ಲ, ಆ ಗುರುತು ಹಾಗೇ ಇದೆ. ಈಗ ಅದು ನನ್ನ ಕುರ್ಚಿಯ ಪಕ್ಕ ಇದೆ, ಎಲ್ಲರೂ ಕೊಡೆ ಇಡುತ್ತಾರೆ. ಅದನ್ನು ನೋಡಿದಾಗೆಲ್ಲ ಹಿತ್ತಲಿನ ನಲ್ಲಿ ಬಿಟ್ಟ ಸದ್ದು ಕೇಳಿಸಿದ ಹಾಗಾಗುತ್ತದೆ. ನಿನಗೆ ಇನ್ನೊಂದು ಬೋಗುಣಿ ಕೊಡಿಸಲು ಗುಮಾಸ್ತರಿಗೆ ಹೇಳು.

ಕಿಟಕಿಯ ಮೇಲಿನ ಬಾಟಲಿಗಳನ್ನು ತೆಗೆದು ಒಳಗಿಡು ಮಗಳೇ. ಹಳೆಯದು ಹಳೆಯದಾಯಿತು. ನನ್ನನ್ನು ನೆನೆಸಿಕೊಳ್ಳಲು ಅಷ್ಟೊಂದು ಬಾಟಲಿ ಬೇಡ.

— ನೀರಪ್ಪ


ಜುಲೈ 2

ನೀರಪ್ಪನವರಿಗೆ,

ಬಾಟಲಿ ಇಟ್ಟದ್ದು ನಿಮ್ಮನ್ನು ನೆನೆಸಿಕೊಳ್ಳಲು ಅಲ್ಲ. ನೆನಪಾಗುವುದಿಲ್ಲ ಅಂತಲೂ ಅಲ್ಲ. ಆದರೆ ಬಾಟಲಿ ಅದಕ್ಕಲ್ಲ.

ಈಗ ಕಿಟಕಿಯ ಕಟ್ಟೆ ತುಂಬಿಹೋಗಿದೆ. ಎಲ್ಲ ಚೀಟಿಯಲ್ಲೂ ಒಂದೇ ಗಲ್ಲಿಯ ಹೆಸರು. ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಒಂದು. ಅವರೆಲ್ಲ ಕುಡಿಯುವುದು ಒಂದೇ ಬಾವಿಯ ನೀರು. ಡಾಕ್ಟರಮ್ಮ ಬಂದವರಿಗೆಲ್ಲ ನೀರು ಕಾಯಿಸಿ ಕುಡಿಯಿರಿ ಅಂತ ಹೇಳಿ ಕಳಿಸುತ್ತಿದ್ದಾರೆ. ಕಾಯಿಸುತ್ತಿದ್ದಾರೆ, ಬೈದುಕೊಂಡು.

ಡಾಕ್ಟರಮ್ಮ ಸುಮ್ಮನೆ ಕೂತಿಲ್ಲ. ಹತ್ತು ದಿನದ ಹಿಂದೆ ನಮ್ಮ ಮೇಲಿನ ಆಫೀಸಿಗೆ ಫೋನು ಮಾಡಿದರು. "ನೀರು ಪರಿಸರಕ್ಕೆ ಹೋಯ್ತಲ್ಲ ಮೇಡಂ, ನಮಗೇನೂ ಸಂಬಂಧ ಇಲ್ಲ" ಅಂದರಂತೆ. ನಿಮ್ಮ ಕಟ್ಟಡಕ್ಕೆ ಫೋನು ಮಾಡಿದರು. "ನಾವು ನದಿ, ಕಾರ್ಖಾನೆ ಚರಂಡಿ ಇಷ್ಟೇ ನೋಡೋದು. ಕುಡಿಯೋ ನೀರು ಆರೋಗ್ಯದ್ದು" ಅಂದರಂತೆ. ಫೋನು ಇಟ್ಟು, "ಹಾಗಾದ್ರೆ ಬಾವಿಗಳಿಗೇ ಒಂದು ಇಲಾಖೆ ಮಾಡ್ಬೇಕು" ಅಂದರು. ರಕ್ತ ನೋಡುವ ಅಣ್ಣ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಎರಡೂ ಕಡೆಗೆ ಕಾಗದ ಬರೆಯುತ್ತೇನೆ ಅಂತ ಕೂತರು. ಬರೆದರು. ಪರಿಶೀಲನೆಯಲ್ಲಿದೆ ಅಂತ ಉತ್ತರ ಬಂದಿದೆ.

ಮೊದಲು ಹೀಗಿರಲಿಲ್ಲ, ಅಲ್ಲವಾ? ಈ ಕಡೆಯಿಂದ ಅಣ್ಣ, "ನೀರಪ್ಪ, ಕುಂಬಾರ ಬೀದಿ!" ಅಂತ ಕೂಗಿದರೆ ಆ ಕಡೆಯಿಂದ ನೀವು, "ನೋಡ್ದೆ, ನೋಡ್ದೆ, ನಿಮ್ಮ ಬಾಯಿಗಿಂತ ಮೊದ್ಲು ಗುಬ್ಬಿ ಬಾಟ್ಲಿ ಮಾತಾಡಿದೆ" ಅನ್ನುತ್ತಿದ್ದಿರಿ. ಅಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಆಗ ಅದು ಕೆಲಸ ಅಂತಲೇ ಅನಿಸುತ್ತಿರಲಿಲ್ಲ.

ಆ ಬಾವಿಯ ನೀರನ್ನು ನಾನೇ ಬಾಟಲಿಗೆ ತುಂಬಿ ಬಸ್ಸಿನಲ್ಲಿ ಕಳಿಸಿದರೆ ನೀವು ನೋಡುತ್ತೀರಾ? ನಿಮಗೆ ತೊಂದರೆ ಆಗುವುದಾದರೆ ಬೇಡ.

— ಗುಬ್ಬಿ


ಜುಲೈ 9

ಗುಬ್ಬಿ,

ನಿಯಮದ ಪ್ರಕಾರ ಆಗುವುದಿಲ್ಲ. ಕಳಿಸು.

ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್ ನನ್ನ ಪರಿಚಯದವನು, ದಪ್ಪ ಮೀಸೆ. ನನ್ನ ಹೆಸರು ಹೇಳು, ನೀರಪ್ಪ ಅಂತಲೇ ಹೇಳು. ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿ ಅದರ ನಡುವೆ ಇಡು. ತುಂಬುವಾಗ ಬಾಯಿಗೆ ಬೆರಳು ತಾಗಿಸಬೇಡ, ಕುತ್ತಿಗೆಯವರೆಗೆ ಮಾತ್ರ ತುಂಬು. ಬಾಟಲಿ ತೊಳೆಯುವುದನ್ನು ನಿನಗೆ ನಾನು ಹೇಳಿಕೊಡಬೇಕೇ? ಅದರಲ್ಲಿ ನೀನೇ ಗುರು.

ಯಾರದೋ ಗಲ್ಲಿಗೆ ನೀನು ಇಷ್ಟು ತಲೆ ಕೆಡಿಸಿಕೊಂಡಿರುವುದು ನೋಡಿ ಖುಷಿಯಾಯಿತು. ನನ್ನ ಕೈಕೆಳಗೆ ಪಳಗಿದವಳಲ್ಲವೇ.

— ನೀರಪ್ಪ


ಜುಲೈ 14

ನೀರಪ್ಪನವರಿಗೆ,

ಬಾಟಲಿ ಕಳಿಸಿದ್ದೇನೆ. ನೀವು ಹೇಳಿದ ಹಾಗೇ ಎಲ್ಲ ಮಾಡಿದ್ದೇನೆ. ತೊಳೆಯುವುದನ್ನು ಮಾತ್ರ ನೀವು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಮಾಡಿದ್ದೇನೆ. ಮೀಸೆಯವರು ಡಬ್ಬಿಯನ್ನು ತಮ್ಮ ಸೀಟಿನ ಕೆಳಗೇ ಇಟ್ಟುಕೊಂಡರು. "ಒಳಗೇನಿದೆ? ಐಸ್‌ಕ್ರೀಮಾ?" ಅಂತ ಕೇಳಿದರು. ನೀರು ಅಂದೆ. "ಆ ಊರಲ್ಲಿ ನೀರಿಲ್ವಾ, ಇಲ್ಲಿಂದ ಕಳಿಸ್ತಿದೀಯ?" ಅಂದರು.

ಬೇಗ ನೋಡಿ. ದಯವಿಟ್ಟು.

— ಗುಬ್ಬಿ


ಜುಲೈ 18

ಗುಬ್ಬಿ,

ಒಳ್ಳೆಯ ಸುದ್ದಿ. ನೀರು ಶುದ್ಧವಾಗಿದೆ. ಕುಡಿಯಬಹುದು. ನಾನೇ ನೋಡಿದೆ. ಇಷ್ಟು ಸ್ವಚ್ಛವಾದ ಬಾವಿ ನೀರನ್ನು ನಾನು ಈ ನಡುವೆ ನೋಡಿಯೇ ಇಲ್ಲ. ಹೊಟ್ಟೆ ಕೆಟ್ಟದ್ದಕ್ಕೆ ಬೇರೆ ಏನೋ ಕಾರಣ ಇರಬೇಕು. ಮಾರುಕಟ್ಟೆಯ ಕೊಳೆತ ಹಣ್ಣು ತಿಂದಿರಬಹುದು. ಆ ಗಲ್ಲಿಯವರಿಗೆ ಧೈರ್ಯ ಹೇಳು, ಸೌದೆ ಉಳಿಸಿಕೊಳ್ಳಲಿ.

ನಿನ್ನ ಡಬ್ಬಿ ಬಂದ ದಿನ ಈ ಕಟ್ಟಡದಲ್ಲಿ ಮೊದಲ ಸಲ ನನಗೆ ಕೈತುಂಬ ಕೆಲಸ ಇದೆ ಅನಿಸಿತು. ಮಂಜುಗಡ್ಡೆ ಕರಗಿ, ಚೀಟಿಯ ಮೇಲೆ ನಿನ್ನ ಗುಂಡು ಅಕ್ಷರ ಕದಡಿತ್ತು. ಹಿಂದೆ ನಾವು ಒಂದೇ ಬಾಳೆಹಣ್ಣನ್ನು ಮೂರು ಜನ ಹಂಚಿಕೊಂಡು ತಿಂದು, ಯಾರು ಸಿಪ್ಪೆ ಎಸೆಯಬೇಕು ಅಂತ ಜಗಳ ಆಡುತ್ತಿದ್ದ ಮಧ್ಯಾಹ್ನಗಳು ನೆನಪಾದವು. ರಕ್ತ ನೋಡುವ ಅಣ್ಣ ಪ್ರತಿ ಸಲ ನಿನ್ನ ಮೇಲೆ ಹಾಕುತ್ತಿದ್ದ. ನೀನು ಬಾಯಿಬಿಡದೆ ಎದ್ದು ಹೋಗಿ ಎಸೆದು ಬರುತ್ತಿದ್ದೆ. ಬಾಯಿ ಬಿಡಬೇಕಿತ್ತು ಕಣೆ ಆಗಾಗ.

— ನೀರಪ್ಪ


ಆಗಸ್ಟ್ 5

ನೀರಪ್ಪನವರಿಗೆ,

ನಿಮಗೆ ಬರೆಯಬಾರದು ಅಂತಿದ್ದೆ. ಬರೆಯದಿದ್ದರೆ ನೀವು ಬಾಳೆಹಣ್ಣಿನ ಸಿಪ್ಪೆ ನೆನೆಸಿಕೊಂಡು ಕೂತಿರುತ್ತೀರಿ ಅಂತ ಬರೆಯುತ್ತಿದ್ದೇನೆ.

ಆ ಗಲ್ಲಿ ನಮ್ಮದು. ಆ ಬಾವಿ ನಮ್ಮ ಮನೆಯ ಎದುರಿನದು. ಹೊಟ್ಟೆ ಕೆಟ್ಟು ಮೊದಲು ಬಂದವಳು ನನ್ನ ಅಕ್ಕನ ಮಗಳು ಪುಟ್ಟಿ. ಕಿಟಕಿಯ ಮೇಲೆ ಮೊದಲ ಬಾಟಲಿ ಇಟ್ಟದ್ದು ಅವಳಿಗಾಗಿ. ನಿಮಗೆ ಹೇಳಲಿಲ್ಲ. ನನ್ನ ಮನೆಯ ವಿಷಯ ಅಂತ ಗೊತ್ತಾದರೆ ನೀವು ಹೊಸ ಕೆಲಸ ಬಿಟ್ಟು ಓಡಿ ಬರುತ್ತೀರಿ, ನನ್ನಿಂದ ನಿಮಗೆ ಕೆಟ್ಟ ಹೆಸರು ಬರುತ್ತದೆ ಅಂತ ಹೆದರಿದೆ. ನೀವು ಓಡಿ ಬರುತ್ತೀರಿ ಅಂತ ನಾನು ಅಂದುಕೊಂಡಿದ್ದೆ ನೋಡಿ.

ನಿಮ್ಮ ಕಾಗದವನ್ನು ಬಾವಿಕಟ್ಟೆಯ ಮೇಲೆ ನಿಂತು ಓದಿದೆ. ಜೀವಮಾನದಲ್ಲಿ ಅಷ್ಟು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಓದಿ ಮುಗಿಸಿದಾಗ ನಮ್ಮ ಅಜ್ಜಿ, "ನಂಗೊತ್ತಿತ್ತು. ನಮ್ಮ ಬಾವಿ ಅಂಥದ್ದಲ್ಲ" ಅಂದರು. ಎಲ್ಲರೂ ಕಾಯಿಸುವುದು ಬಿಟ್ಟರು. ನಮ್ಮ ಮನೆಯಲ್ಲೂ ಬಿಟ್ಟೆವು. ಪುಟ್ಟಿ ಚೇತರಿಸಿಕೊಳ್ಳುತ್ತಿದ್ದಳು. ಅವಳಿಗೆ ಲೋಟ ತುಂಬಿಸಿ ಕೊಟ್ಟದ್ದು ನಾನೇ, ಒಳ್ಳೆಯ ನೀರು ಕುಡಿ ಅಂತ.

ಈಗ ಅವಳು ಆಸ್ಪತ್ರೆಯಲ್ಲಿ ಇದ್ದಾಳೆ. ಕಣ್ಣು ಒಳಗೆ ಹೋಗಿದೆ. ಕೈ ಚರ್ಮ ಎಳೆದು ಬಿಟ್ಟರೆ ಹಾಗೇ ನಿಲ್ಲುತ್ತದೆ. ಅಕ್ಕ ನನ್ನ ಕಡೆ ನೋಡುತ್ತಿಲ್ಲ. ಗಲ್ಲಿಯಲ್ಲಿ ಇನ್ನೂ ಎಷ್ಟೋ ಜನ ಮಲಗಿದ್ದಾರೆ.

ನಾನೇ ನೋಡಿದೆ ಅಂತ ಬರೆದಿದ್ದಿರಿ. ಏನು ನೋಡಿದಿರಿ?

— ಗುಬ್ಬಿ


ಆಗಸ್ಟ್ 8

ಗುಬ್ಬಿ,

ಈ ಕಾಗದವನ್ನು ಮೀಸೆಯ ಕೈಯಲ್ಲೇ ಕಳಿಸುತ್ತಿದ್ದೇನೆ, ಟಪಾಲು ತಡವಾಗುತ್ತದೆ. ಮೊದಲು ಬಾವಿಯ ನೀರು ಒಂದು ಹನಿಯೂ ಯಾರ ಬಾಯಿಗೂ ಹೋಗಬಾರದು. ಮಿಕ್ಕದ್ದು ಆಮೇಲೆ ಓದು.

ನೀನು ಜೂನಿನಲ್ಲಿ ಬರೆದ ಕಾಗದ ತೆಗೆದು ಓದಿದೆ. ಕಾಯಿಲೆ ಕಡೆಯ ಬೋಗುಣಿಯಲ್ಲೇ ಸುಧಾರಿಸುತ್ತಿದ್ದೇನೆ ಅಂತ ಬರೆದಿದ್ದೆ. ಅದರಲ್ಲಿ ಬ್ಲೀಚಿಂಗ್ ಪುಡಿ ಇರುತ್ತದೆ. ಬಾಟಲಿಯಲ್ಲಿ ಅದರ ವಾಸನೆಯಷ್ಟು ಉಳಿದರೂ ಸಾಕು, ಬಸ್ಸಿನಲ್ಲಿ ಬರುವಷ್ಟರಲ್ಲಿ ನೀರಿನೊಳಗಿನ ಕ್ರಿಮಿ ಸತ್ತುಹೋಗುತ್ತದೆ. ಇಲ್ಲಿಗೆ ಬಂದದ್ದು ನಿಮ್ಮ ಬಾವಿಯ ನೀರಲ್ಲ, ನಿನ್ನ ಬಾಟಲಿ ಶುದ್ಧ ಮಾಡಿದ ನೀರು. ನೀರಿನ ಬಾಟಲಿಗೆ ಬೇರೆ ಬೋಗುಣಿ ಇಟ್ಟದ್ದು ಇದಕ್ಕೇ. ಬೆರೆಸಬೇಡ ಅಂತ ನಿನಗೆ ಹೇಳುತ್ತಿದ್ದೆ. ಯಾಕೆ ಅಂತ ಒಂದು ದಿನವೂ ಹೇಳಲಿಲ್ಲ. ಆ ಬೋಗುಣಿಯನ್ನು ನೆನಪಿಗೆ ಅಂತ ಹೊತ್ತುಕೊಂಡು ಬಂದು ಕೊಡೆ ಇಡಲು ಕೊಟ್ಟವನು ನಾನು.

ಇನ್ನೊಂದು. ನಾನು ನೋಡಲಿಲ್ಲ. ನನ್ನನ್ನು ಇಲ್ಲಿ ಪರೀಕ್ಷೆಗೆ ಹಾಕಿಯೇ ಇಲ್ಲ. ಹೊಸ ಯಂತ್ರಕ್ಕೆ ನನ್ನ ಕಣ್ಣು ಸಾಲದಂತೆ. ಬಂದ ಟಪಾಲಿಗೆ ಮೊಹರು ಒತ್ತುವ ಮೇಜಿನಲ್ಲಿ ಕೂರಿಸಿದ್ದಾರೆ. ನಿನಗೆ ಹೇಳಲು ನಾಚಿಕೆಯಾಯಿತು. ಬಾಟಲಿಯನ್ನು ಇಲ್ಲಿಯ ಹೊಸ ಹುಡುಗಿಗೆ ಕೊಟ್ಟೆ. ಅವಳು ಸರಿಯಾಗಿಯೇ ನೋಡಿದಳು. ಬಾಟಲಿ ಎಲ್ಲಿ ತೊಳೆದದ್ದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ನಾನು ಮುಚ್ಚಳ ತೆಗೆದು ಒಂದು ಸಲ ಮೂಗಿಗೆ ಹಿಡಿದಿದ್ದರೆ ಗೊತ್ತಾಗುತ್ತಿತ್ತು.

ಭಾನುವಾರ ಬರುತ್ತೇನೆ. ಇಲ್ಲೇ ತೊಳೆದು ಬೇಯಿಸಿದ ಬಾಟಲಿ ತರುತ್ತೇನೆ. ಪುಟ್ಟಿ ಹೇಗಿದ್ದಾಳೆ, ಒಂದು ಸಾಲು ಬರೆ. ಬೈದು ಬರೆದರೂ ಸರಿ.

— ನೀರಪ್ಪ


ಆಗಸ್ಟ್ 12

ಪುಟ್ಟಿ ನಿನ್ನೆ ಕಣ್ಣು ಬಿಟ್ಟು ಬಿಸ್ಕತ್ತು ಕೇಳಿದಳು. ಡಾಕ್ಟರಮ್ಮ ಇನ್ನು ಭಯ ಇಲ್ಲ ಅಂದರು.

ಬೆರೆಸಬೇಡ ಅಂದರೆ ಕಾಯಿಲೆಯ ಕೊಳೆ ನೀರಿನ ಬಾಟಲಿಗೆ ತಾಗಬಾರದು ಅಂತ ನಾನು ತಿಳಿದಿದ್ದೆ. ಅದಕ್ಕೇ ಆ ದಿನ ಪುಡಿ ಇನ್ನೂ ಒಂದು ಮುಷ್ಟಿ ಜಾಸ್ತಿ ಹಾಕಿ ತೊಳೆದೆ.

ನೀರು ಕೆಟ್ಟಿದೆ ಅಂತ ಗಲ್ಲಿಯಲ್ಲಿ ಹೇಳಿದೆ. ಯಾರೂ ನಂಬುತ್ತಿಲ್ಲ. "ಮೊನ್ನೆ ಒಳ್ಳೇದು ಅಂದೆ, ಇವತ್ತು ಕೆಟ್ಟದ್ದು ಅಂತೀಯ. ನಾಳೆ ಏನಂತೀಯ, ಹಾಲು ಅಂತೀಯಾ?" ಅಂತ ಎದುರು ಮನೆಯ ದರ್ಜಿ ಕೇಳಿದ. ಎಲ್ಲರೂ ಸೇದುತ್ತಲೇ ಇದ್ದಾರೆ. ಅಜ್ಜಿ ಬೇಕೆಂದೇ ನನ್ನ ಮುಂದೆ ಕುಡಿಯುತ್ತಾರೆ.

ಬರುವುದಾದರೆ ಬನ್ನಿ. ನಾನು ನಿಮ್ಮ ಜೊತೆ ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ.

— ಗುಬ್ಬಿ


ಆಗಸ್ಟ್ 22

ಗುಬ್ಬಿ,

ಆ ಭಾನುವಾರ ನಾನು ತುಂಬಿಕೊಂಡು ಬಂದ ನೀರಿನ ಫಲಿತಾಂಶ ಬಂದಿದೆ. ಈ ಸಲ ನಾನು ಬರೆಯುವುದಿಲ್ಲ. ಹೊಸ ಹುಡುಗಿಯೇ ಬರೆದು ಸಹಿ ಹಾಕಿದ್ದಾಳೆ, ಜೊತೆಯಲ್ಲಿ ಇಟ್ಟಿದ್ದೇನೆ. ನೀರು ಕುಡಿಯಲು ಯೋಗ್ಯವಲ್ಲ ಅಂತ ಇದೆ. ಚರಂಡಿಯ ಕೊಳಕು ಸೇರುತ್ತಿದೆಯಂತೆ. ಮಾರುಕಟ್ಟೆಯ ಹಿಂದಿನ ಚರಂಡಿ ಎಲ್ಲೋ ಒಡೆದಿರಬೇಕು, ಅದನ್ನು ಹುಡುಕಿ ರಿಪೇರಿ ಮಾಡುವ ತನಕ ಬಾವಿ ಮುಚ್ಚಿಸಬೇಕು. ಡಾಕ್ಟರಮ್ಮನಿಗೆ ಕೊಡು.

ನಿಮ್ಮ ಅಜ್ಜಿ ನನ್ನನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಿನ್ನ ಕಾಗದ ಕುಡಿದು ನನ್ನ ಮರಿಮಗಳು ಆಸ್ಪತ್ರೆ ಸೇರಿದ್ಲು ಕಣಪ್ಪ." ನಾನು ಹೇಳಬೇಕಾದ್ದನ್ನು ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ, ನಿಮ್ಮ ಜಗಲಿಯ ಮೇಲಿಟ್ಟು ಬಂದೆ. ನೀನು ಹೊರಗೆ ಬರಲಿಲ್ಲ. ಬರಬೇಕು ಅಂತ ನಾನು ಕೇಳಲೂ ಇಲ್ಲ. ಒಳಗೆ ಪುಟ್ಟಿ ಯಾರನ್ನೋ "ಚಿಕ್ಕಿ, ಚಿಕ್ಕಿ" ಅಂತ ಪೀಡಿಸುವುದು ಕೇಳಿಸುತ್ತಿತ್ತು. ಅಷ್ಟು ಸಾಕಾಯಿತು.

ಸೋಮವಾರ ನಮ್ಮ ಇಲ್ಲಿಯ ಸಾಹೇಬರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಎರಡು ಇಲಾಖೆ ಮಾಡುವಾಗ ಕಿಟಕಿ ವಿಷಯ ಯಾರೂ ನಮಗೆ ಹೇಳ್ಲಿಲ್ಲವಲ್ರೀ" ಅಂದರು. ನಮ್ಮನ್ನು ಯಾರು ಕೇಳಿದ್ದರು ಸಾರ್ ಅಂತ ಬಾಯಿಗೆ ಬಂತು. ನಾವೂ ಯಾವತ್ತು ಹೇಳಿದ್ದೆವು ಅಂತ ನೆನಪಾಗಿ ನುಂಗಿಕೊಂಡೆ.

— ನೀರಪ್ಪ


ಸೆಪ್ಟೆಂಬರ್ 6

ನೀರಪ್ಪನವರಿಗೆ,

ನೀವು ಬಂದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ಎಲ್ಲ ಕೇಳಿಸಿತು. "ಹುಡುಗಿ ಸರಿಯಾಗೇ ಓದಿದ್ಲು, ಬರೆದವನು ತಪ್ಪು" ಅಂತ ನೀವು ಅಂದದ್ದೂ ಕೇಳಿಸಿತು. ಹೊರಗೆ ಬರಬೇಕು ಅಂತ ಎರಡು ಸಲ ಚಿಲಕ ಮುಟ್ಟಿದೆ. ಬಾಗಿಲ ಸಂದಿಯಿಂದ ನೋಡಿದೆ, ನೀವು ಇಷ್ಟು ತೆಳ್ಳಗಾಗಿದ್ದೀರಿ ಅಂತ ಗೊತ್ತಿರಲಿಲ್ಲ. ಕೂದಲೂ ಪೂರ್ತಿ ಬೆಳ್ಳಗಾಗಿದೆ. ಹಳೆಯ ಕೋಣೆಯಲ್ಲಿ ನಿಮ್ಮನ್ನು ದಿನಾ ನೋಡುತ್ತಿದ್ದೆನಲ್ಲ, ಅದಕ್ಕೇ ನೋಡಿರಲಿಲ್ಲವೋ ಏನೋ.

ನೀವು ಬಸ್ಸು ಹತ್ತಿದ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ಗಲ್ಲಿಯವರು ಗುಂಪುಗೂಡಿ ಮಾತಾಡಿಕೊಂಡರು. ದರ್ಜಿ, "ಇದೆಲ್ಲ ನಾಟಕ" ಅಂದ. ಅಜ್ಜಿ, "ನಾಟಕ ಆಡೋನು ಬಸ್ಸಲ್ಲಿ ಬೋಗುಣಿ ಹೊತ್ಕೊಂಡು ಬರ್ತಾನೇನೋ? ಒಳ್ಳೇದು ಅಂತ ಬರೆದು ಕೈ ತೊಳ್ಕೊಂಡಿದ್ದೋನು, ನಾನೇ ತಪ್ಪು ಅಂತ ಹೇಳೋಕೆ ಇಷ್ಟು ದೂರ ಬಂದ. ನಿನ್ ಅಂಗಡೀಲಿ ಹೊಲಿಗೆ ತಪ್ಪಾದ್ರೆ ನೀನು ಬಟ್ಟೆ ಸರಿಯಿಲ್ಲ ಅಂತೀಯ" ಅಂದರು. ಅವತ್ತಿನಿಂದ ಅಜ್ಜಿ ಬಾವಿ ನೀರು ಕುಡಿಯಲಿಲ್ಲ. ಅವರು ಬಿಟ್ಟ ಮೇಲೆ ಮಿಕ್ಕವರೂ ಬಿಟ್ಟರು.

ಹೊಸ ಹುಡುಗಿಯ ಕಾಗದ ಬಂದ ಮೇಲೆ ಡಾಕ್ಟರಮ್ಮ ಎರಡು ಮೇಲಿನ ಆಫೀಸುಗಳಿಗೂ ಹೋಗಿ ಕೂತರು. ಆದೇಶ ಕೊಡುವ ತನಕ ಏಳುವುದಿಲ್ಲ ಅಂದರಂತೆ. ನಿಮ್ಮ ಸಾಹೇಬರೂ ಜೊತೆಗೆ ಬಂದಿದ್ದರಂತೆ. ಒಂದೇ ಸಾಲಿನ ಆದೇಶ ಬಂದಿದೆ. ಬಾವಿ, ನಲ್ಲಿಯಿಂದ ನೀರು ತುಂಬುವುದು ಆರೋಗ್ಯದವರು, ಪರೀಕ್ಷೆ ಮಾಡುವುದು ಪರಿಸರದವರು, ವಾರ ವಾರ. ಗುಮಾಸ್ತರು ಓದಿ, "ಒಂದು ಸಾಲಿಗೆ ಇಷ್ಟು ಜನ ಮಲಗಬೇಕಾಯ್ತು" ಅಂದರು. ತುಂಬುವ ಕೆಲಸ ಯಾರಿಗೆ ಅಂತ ಮಾತು ಬಂದಾಗ ಡಾಕ್ಟರಮ್ಮ ನನ್ನ ಕಡೆ ನೋಡಿದರು. ನನ್ನಿಂದ ಆಗುವುದಿಲ್ಲ ಅಂದೆ. "ಯಾಕೆ ಆಗಲ್ಲ?" ಅಂದರು. ಒಂದು ಸಲ ತಪ್ಪು ಮಾಡಿದ್ದೇನಲ್ಲ ಅಂದೆ. "ಅದಕ್ಕೇ ನಿನಗೆ ಹೇಳ್ತಿರೋದು. ಇನ್ಯಾರಾದ್ರೂ ಆದ್ರೆ ಮೊದಲಿಂದ ತಪ್ಪು ಮಾಡ್ಕೊಂಡು ಬರಬೇಕು" ಅಂದರು. ನಿಮ್ಮ ಸೈಕಲ್ಲು ನನಗೆ ಕೊಟ್ಟಿದ್ದಾರೆ. ಸೀಟು ತಗ್ಗಿಸಿಕೊಂಡಿದ್ದೇನೆ. ಬೀಗದ ಕೈ ನಿಮ್ಮಲ್ಲೇ ಇರಲಿ, ಬೀಗ ಒಡೆದಾಯಿತು.

ಬಾವಿಗೆ ಮುಚ್ಚಳ ಹಾಕಿದ ದಿನ ಯಾರೂ ಕೆಲಸಕ್ಕೆ ಹೋಗಲಿಲ್ಲ. ಬಡಗಿ ಹಲಗೆ ಜೋಡಿಸುವಾಗ ಹೆಂಗಸರೆಲ್ಲ ಖಾಲಿ ಕೊಡ ಹಿಡಿದುಕೊಂಡೇ ನಿಂತಿದ್ದರು. ಅಜ್ಜಿ ಮದುವೆಯಾಗಿ ಬಂದ ದಿನ ಮೊದಲು ನೀರು ಸೇದಿದ್ದು ಅಲ್ಲೇ ಅಂತೆ, ಅತ್ತೆ ಬೈದಾಗ ಹೋಗಿ ಅತ್ತದ್ದು ಅಲ್ಲೇ ಅಂತೆ. ಹಗ್ಗದಿಂದ ಸವೆದ ಕಲ್ಲನ್ನು ಒಂದು ಸಲ ಸವರಿ, "ಹಾಕಪ್ಪ" ಅಂದರು. ಈಗ ಗಲ್ಲಿಯ ತುದಿಗೆ ನೀರಿನ ಲಾರಿ ಬರುತ್ತದೆ. ಎಲ್ಲರೂ ಸಾಲು ನಿಲ್ಲುತ್ತಾರೆ, ಯಾರೂ ಯಾರ ಜೊತೆಗೂ ಹರಟುವುದಿಲ್ಲ. ಲಾರಿ ಹೋಗಿಬಿಟ್ಟೀತು ಅನ್ನುವ ಆತುರ.

ಚರಂಡಿ ಒಡೆದ ಜಾಗ ಸಿಕ್ಕಿದೆ, ಅಗೆಯುತ್ತಿದ್ದಾರೆ. ಪುಟ್ಟಿ ಓಡಾಡುತ್ತಿದ್ದಾಳೆ, ಅಗೆದ ಗುಂಡಿಯ ಹತ್ತಿರ ಹೋಗಿ ದಿನಾ ಏಟು ತಿನ್ನುತ್ತಾಳೆ. ಅಕ್ಕ ಮೊನ್ನೆ ನನ್ನ ತಟ್ಟೆಗೆ ಅವಳೇ ಬಡಿಸಿದಳು. ನಾನೂ ಊಟ ಮಾಡಿದೆ.

ಹೊಸ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ಮೊಹರು ಒತ್ತುವುದು ನಾಚಿಕೆಯ ಕೆಲಸ ಅಲ್ಲ ಅಂತ ನಿಮಗೆ ಹೇಳಬೇಕು ಅನಿಸಿತು. ನನ್ನ ಡಬ್ಬಿ ಬಂದಾಗ ಮೊದಲು ಕೈಗೆ ತೆಗೆದುಕೊಳ್ಳುವವರು ನೀವೇ ಅಲ್ಲವಾ.

ನಿನ್ನೆ ಹಲಗೆಯ ಒಂದು ಪಟ್ಟಿ ತೆಗೆದು, ಈ ವಾರದ ಬಾಟಲಿ ತುಂಬಿ ಮೀಸೆಯವರಿಗೆ ಕೊಟ್ಟು ಬಂದೆ. ಅಜ್ಜಿ ಜಗಲಿಯ ಮೇಲೆ ಕಾಯುತ್ತ ಕೂತಿದ್ದರು. ಪುಟ್ಟಿ ಆಸ್ಪತ್ರೆಯಲ್ಲಿದ್ದಾಗ ನಾನು ಬರುವ ದಾರಿ ನೋಡುತ್ತ ಕೂರುತ್ತಿದ್ದ ಹಾಗೇ.

"ಹೋದ ವಾರದ್ದು ಏನು ಬಂತು? ಬಾವಿ ಹುಷಾರಾಯ್ತಂತಾ?" ಅಂದರು.

"ಇನ್ನೂ ಇಲ್ಲ ಅಜ್ಜಿ."

"ಪಾಪ" ಅಂದರು. "ಅದಕ್ಕೂ ವಯಸ್ಸಾಯ್ತಲ್ಲ. ನಿಧಾನಕ್ಕೆ ಆಗ್ಲಿ."

— ಗುಬ್ಬಿ